ಸ್ಕ್ರಮ್ ಹಿಡಿದು ಆರು ತಿಂಗಳಾಯ್ತು, ಒಂದು ಸ್ಪ್ರಿಂಟೂ ನೆಟ್ಟಗೆ ಮುಗಿದಿಲ್ಲ. ಕಾನ್ಬನ್‌ಗೆ ಹೋಗೋದಾ?

ಶಿರಸಿ_ಪೇಟೆ:
ನಮಸ್ಕಾರ. ಶಿರಸಿಯಲ್ಲಿ ಏಳು ಜನರ ಚಿಕ್ಕ ಕಂಪನಿ ನಮ್ಮದು. ಅಡಿಕೆ ಸೊಸೈಟಿಗಳಿಗೆ ತೂಕ, ಟೆಂಡರ್, ಪಟ್ಟಿ ಇವನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಬೆಂಗಳೂರಲ್ಲಿ ಕೆಲಸ ಮಾಡಿ ಬಂದವನು ನಾನೊಬ್ಬನೇ, ಹಾಗಾಗಿ ಸ್ಕ್ರಮ್, ಅಂದರೆ ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗೆ ಹಂಚಿಕೊಂಡು ಮಾಡುವ ಕ್ರಮ, ಇಲ್ಲಿಗೆ ತಂದ ಪಾಪವೂ ನನ್ನದೇ.

ಆ ಒಂದೊಂದು ಅವಧಿಗೆ ಸ್ಪ್ರಿಂಟ್ ಅಂತಾರೆ, ನಮ್ಮದು ಎರಡು ವಾರದ್ದು. ಸೋಮವಾರ ಕೂತು ಚೆಂದ ಪ್ಲಾನ್ ಮಾಡುತ್ತೇವೆ. ಮಾರನೇ ದಿನ ಟೆಂಡರ್ ಹೊತ್ತಿಗೆ ಫೋನ್ ಶುರು. ಕೆಂಪುಗೋಟು ಅಡಿಕೆಯ ರೇಟು ಬಿಳಿಗೋಟು ಅಡಿಕೆಯ ಕಾಲಮ್ಮಿಗೆ ಹೋಗಿದೆ, ರೈತರು ಎದುರಿಗೇ ನಿಂತಿದ್ದಾರೆ, ಬೇಗ ನೋಡಿ ಅಂತ. ಇಬ್ಬರು ಕೈಲಿದ್ದದ್ದು ಬಿಟ್ಟು ಅದಕ್ಕೆ ಕೂರುತ್ತಾರೆ. ಒಂದು ಕೆಲಸಕ್ಕೆ ಒಂದು ಕಾರ್ಡು ಅಂತ ಬೋರ್ಡಲ್ಲಿ ಹಾಕಿರುತ್ತೇವೆ, ಕೊನೆಗೆ ಹನ್ನೆರಡು ಕಾರ್ಡಲ್ಲಿ ಐದು ಮುಗಿದಿರುತ್ತದೆ. ದಿನಾ ನಿಂತುಕೊಂಡೇ ಮುಗಿಸಬೇಕಾದ ಸ್ಟ್ಯಾಂಡಪ್ ಸಭೆ ಅಂತೂ ಮುಕ್ಕಾಲು ಗಂಟೆ. ಸ್ಪ್ರಿಂಟ್ ಮುಗಿದ ಮೇಲೆ ಏನು ಸರಿ, ಏನು ತಪ್ಪಾಯ್ತು ಅಂತ ನೋಡುವ ರೆಟ್ರೋ ಸಭೆಯಲ್ಲಿ ಕಳೆದ ಸಲ ಯಾರೂ ಬಾಯಿ ಬಿಡಲಿಲ್ಲ. ಒಬ್ಬಳು ಮಾತ್ರ "ಚಾ ತಣ್ಣಗಾಯ್ತು" ಅಂದಳು.

ಇನ್ನಿಬ್ಬರನ್ನು ತಗೊಳ್ಳೋಣ ಅಂತ ಯಜಮಾನರು ಹೇಳುತ್ತಿದ್ದಾರೆ. ನನಗೆ ಸ್ಕ್ರಮ್ಮೇ ಬಿಟ್ಟುಬಿಡೋಣ ಅನ್ನಿಸಿದೆ. ಎಂತ ಮಾಡುವುದು?

ಕೋಡಿಬಾಗ_ಕೋಡರ್:
ಮುಕ್ಕಾಲು ಗಂಟೆಯಾ! ಸ್ಕ್ರಮ್ ಹುಟ್ಟುಹಾಕಿದ ಶ್ವೇಬರ್ ಮತ್ತು ಸದರ್‌ಲ್ಯಾಂಡ್ ಬರೆದ ಸ್ಕ್ರಮ್ ಗೈಡಲ್ಲಿ ಅದಕ್ಕೆ ಕೊಟ್ಟಿದ್ದು 15 ನಿಮಿಷ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತಿ, ಏನು ಅಡ್ಡಿ ಅನ್ನುವ ಮೂರು ಪ್ರಶ್ನೆಯನ್ನು 2020ರ ಆವೃತ್ತಿಯಲ್ಲಿ ಅವರೇ ತೆಗೆದುಹಾಕಿದರು. ಎಲ್ಲರೂ ಅದನ್ನು ಹಾಜರಿ ಕೂಗಿದ ಹಾಗೆ ಮಾಡುತ್ತಿದ್ದರು. ನಿಮ್ಮಲ್ಲೂ ಎಲ್ಲರೂ ನಿಮ್ಮ ಮುಖ ನೋಡಿ ವರದಿ ಒಪ್ಪಿಸುತ್ತಿರಬೇಕು, ಅಲ್ವಾ? ಎರಡು ದಿನ ನೀವು ಹೋಗಲೇಬೇಡಿ, ಅವರವರೇ ಮಾತಾಡಿಕೊಳ್ಳಲಿ.

ಇನ್ನೊಂದು. ಹನ್ನೆರಡು ಕಾರ್ಡು ಹಿಡಿದಿರಿ ಅಂದರೆ ಹನ್ನೆರಡು ಮುಗಿಸುತ್ತೇವೆ ಅಂತ ಆಣೆ ಇಟ್ಟ ಹಾಗಲ್ಲ. ಅದು ಅಂದಾಜು ಅಷ್ಟೇ. ಪ್ರತಿ ಸಲ ಐದೇ ಮುಗಿಯುತ್ತಿದ್ದರೆ ಐದೇ ಹಿಡಿಯಿರಿ ಮಾರಾಯ್ರೆ.

ತೋಟದ_ಮನೆ:
ಅಡಿಕೆಯವರಿಗೆ ಅಡಿಕೆಯಲ್ಲೇ ಹೇಳುತ್ತೇನೆ. ಕೊನೆಕೊಯ್ಲಿನ ದಿನ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬಂದ ಅಂತ ತೋಟದ ಗೊನೆಯಷ್ಟನ್ನೂ ಒಂದೇ ದಿನ ಇಳಿಸುತ್ತೀರಾ? ಸುಲಿಯುವವರು ನಾಲ್ಕು ಜನ, ಬೇಯಿಸುವ ಹಂಡೆ ಒಂದು. ಇಳಿಸಿದ್ದು ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ, ಬೇಯಿಸುವ ಹೊತ್ತಿಗೆ ಅರ್ಧ ಹಣ್ಣಾಗಿರುತ್ತದೆ. ನಮ್ಮ ಅಪ್ಪ ಹಂಡೆ ನೋಡಿಕೊಂಡೇ ನಾಳೆ ಎಷ್ಟು ಮರ ಅಂತ ಹೇಳುತ್ತಿದ್ದರು.

ಕಾನ್ಬನ್ ಅಂದರೆ ಮುಖ್ಯವಾಗಿ ಇಷ್ಟೇ, ಬೋರ್ಡು ಕಾರ್ಡು ಎಲ್ಲ ಆಮೇಲೆ. ಒಂದು ಹಂತದಲ್ಲಿ ಎಷ್ಟು ಕೆಲಸ ಇರಬಹುದು ಅಂತ ಮಿತಿ ಹಾಕಬೇಕು, ಒಂದು ಮುಗಿಯದೆ ಮತ್ತೊಂದು ಎಳೆದುಕೊಳ್ಳಬಾರದು. ಟೊಯೋಟಾ ಕಾರ್ಖಾನೆಯಿಂದ ಬಂದ ರೂಢಿ ಅದು. ಲೆಕ್ಕವೂ ಸುಲಭ, ಲಿಟಲ್‌ನ ನಿಯಮ ಅಂತಾರೆ. ಅರ್ಧಂಬರ್ಧ ಆದ ಕೆಲಸ 15 ಇದೆ, ವಾರಕ್ಕೆ ಮುಗಿಯುವುದು 5 ಅಂದರೆ, ಒಂದು ಕೆಲಸಕ್ಕೆ ಸರಾಸರಿ 3 ವಾರ ಹಿಡಿಯುತ್ತದೆ. ಯಾರೂ ಜಾಸ್ತಿ ದುಡಿಯದೇನೇ, ಆ 15ನ್ನು 5ಕ್ಕೆ ಇಳಿಸಿದರೆ ಒಂದು ವಾರ. ನಿಮ್ಮ ಬೋರ್ಡಲ್ಲಿ ಈಗ ಎಷ್ಟಿದೆ, ಎಣಿಸಿದ್ದೀರಾ?

ಅಘನಾಶಿನಿ_ದಡ:
ಬೋರ್ಡಿನ ಹೆಸರು ಬದಲಿಸಿದರೆ ಫೋನ್ ಬರುವುದು ನಿಲ್ಲುತ್ತಾ? ಮೊದಲು ಅದನ್ನು ಹೇಳಿ. ಫೋನ್ ಎತ್ತುವುದು ಯಾರು? ಯಾರಿಗೆ ಬೇಕಾದರೂ ಬರುತ್ತದೆ, ಎತ್ತಿದವನೇ ಕೂರುತ್ತಾನೆ, ಅಲ್ವಾ? ನಾನು ಮೊದಲಿದ್ದ ಕಡೆಯೂ ಹೀಗೇ ಇತ್ತು. ಪಾಳಿ ಹಾಕಿದೆವು. ವಾರಕ್ಕೊಬ್ಬರು ಫೋನಿಗೆ ಮಾತ್ರ, ಅವರ ಕೈಗೆ ಬೇರೆ ಕಾರ್ಡು ಇಲ್ಲ. ಉಳಿದವರ ನಂಬರನ್ನು ಗಿರಾಕಿಗೆ ಕೊಡುವ ಹಾಗೇ ಇಲ್ಲ. ಗಿರಾಕಿಗಳು ಎರಡು ವಾರ ಬೈದರು, ಆಮೇಲೆ ಹೊಂದಿಕೊಂಡರು.

ಹಾಗೇ ಯಜಮಾನರನ್ನು ಸ್ವಲ್ಪ ತಡೆಯಿರಿ. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡ ಆಗುತ್ತದೆ ಅಂತ ಐಬಿಎಂನಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟಿದ್ದಾರೆ. ಏಳು ಜನ ಇದ್ದರೆ ಇಬ್ಬಿಬ್ಬರ ಜೋಡಿ 21, ಒಂಬತ್ತಾದರೆ 36. ಅಷ್ಟು ಜೋಡಿ ಒಂದೇ ಮಾತಿನ ಮೇಲೆ ಇರಬೇಕು. ಬಂದ ಇಬ್ಬರಿಗೆ ಅಡಿಕೆಯಲ್ಲಿ ಚಾಲಿ ಯಾವುದು, ಬೆಟ್ಟೆ ಯಾವುದು ಅಂತ ಕಲಿಸುವುದರಲ್ಲೇ ಈ ಸುಗ್ಗಿ ಮುಗಿಯುತ್ತದೆ.

ಶಿರಸಿ_ಪೇಟೆ:
ಎಣಿಸಿದೆ. 'ನಡೆಯುತ್ತಿದೆ' ಕಾಲಮ್ಮಲ್ಲಿ 17. ಏಳು ಜನಕ್ಕೆ! ಅದರಲ್ಲಿ ಒಂದು ದೀಪಾವಳಿಗೂ ಮೊದಲಿನದು, ಯಾರದು ಅಂತಲೇ ಯಾರಿಗೂ ಗೊತ್ತಿಲ್ಲ. ಕೇಳಿದರೆ ಆ ಸೊಸೈಟಿಯವರಿಗೆ ಅದು ಈಗ ಬೇಡವಂತೆ.

ಈ ವಾರದಿಂದ ಮಿತಿ ಆರು. ಸ್ಪ್ರಿಂಟ್ ಸದ್ಯಕ್ಕೆ ಇಲ್ಲ, ರೆಟ್ರೋ ಮಾತ್ರ ಇರಲಿ ಅಂದುಕೊಂಡಿದ್ದೇವೆ, ಅದೂ ಚಾ ಬಿಸಿ ಇರುವಾಗಲೇ. ಇಬ್ಬರನ್ನು ತಗೊಳ್ಳುವ ಮಾತನ್ನು ಯಜಮಾನರು ಮಳೆಗಾಲಕ್ಕೆ ಮುಂದೂಡಿದ್ದಾರೆ. ಮೊದಲ ವಾರದ ಫೋನ್ ಪಾಳಿ ನನ್ನ ತಲೆಗೇ ಕಟ್ಟಿದರು. ಬೆಳಿಗ್ಗೆಯಿಂದ ಹದಿನಾಲ್ಕು ಕರೆ ಬಂದಿವೆ, ಟೆಂಡರ್ ಇನ್ನೂ ಶುರುವಾಗಿಲ್ಲ.