ಅವರೋಹಣದಲ್ಲಿ ಶ್ರುತಿ ಇಳಿಯುತ್ತದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ. ನಲವತ್ತು ದಾಟಿದ ಮೇಲೆ ಕರ್ನಾಟಕ ಸಂಗೀತ ಶುರು ಮಾಡಿದ್ದೇನೆ. ಆರಂಭದ ಸ್ವರಪಾಠಗಳಲ್ಲಿ ಸರಳೆ, ಜಂಟಿ ಮುಗಿದು ಅಲಂಕಾರ ನಡೆಯುತ್ತಿದೆ. ಐದೂವರೆ ಮನೆ ಶ್ರುತಿ (ಮನೆ ಅಂದರೆ ಹಾರ್ಮೋನಿಯಂ ಕೀಲಿಯ ಲೆಕ್ಕದಲ್ಲಿ ನನ್ನ ಷಡ್ಜದ ಎತ್ತರ). ಆರೋಹಣ ಪರವಾಗಿಲ್ಲ. ಇಳಿಯುವಾಗ ಗಾಂಧಾರಕ್ಕೆ ಬರುವಷ್ಟರಲ್ಲಿ ಶ್ರುತಿ ಬಿಟ್ಟಿರುತ್ತದೆ, ಕೊನೆಯ ಷಡ್ಜ ಸೇರುವುದೇ ಇಲ್ಲ. ಮೊಬೈಲಿನ ಟ್ಯೂನರ್ ಮುಳ್ಳು ನೋಡುತ್ತಾ ಹಾಡಿದರೆ ಸರಿ ಬರುತ್ತದೆ, ಕಣ್ಣು ಮುಚ್ಚಿದರೆ ಮತ್ತೆ ಅದೇ ಕಥೆ. ಕೀಬೋರ್ಡ್ ಒತ್ತಿಕೊಂಡು ಅಭ್ಯಾಸ ಮಾಡಲಾ? ನನಗೆ ಸ್ವರಜ್ಞಾನವೇ ಇಲ್ಲವಾ?

ಉತ್ತರ 1: ಇಳಿದಿದೆ ಅಂತ ನಿಮಗೇ ಗೊತ್ತಾಗುತ್ತಿದೆ ಅಲ್ವಾ ಮೇಡಂ? ಅಂದಮೇಲೆ ಕಿವಿ ಇದೆ, ಆ ಚಿಂತೆ ಬಿಡಿ. ನಾನು ಪಾಠ ಹೇಳುವವಳು, ದೊಡ್ಡವರಾದ ಮೇಲೆ ಕಲಿಯಲು ಬರುವವರಲ್ಲಿ ಇದನ್ನು ತುಂಬಾ ನೋಡಿದ್ದೇನೆ.

ಮೊದಲು ಟ್ಯೂನರ್ ಬಂದ್ ಮಾಡಿ. ಮುಳ್ಳು ನೋಡುವಾಗ ದುಡಿಯುವುದು ಕಣ್ಣು, ಕಿವಿ ಸುಮ್ನೆ ಕೂತಿರುತ್ತದೆ. ಕೀಬೋರ್ಡೂ ಬೇಡ. ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಜಾಸ್ತಿ. ಸೆಂಟ್ ಅಂದರೆ ಸ್ವರಗಳ ಅಂತರದ ಅಳತೆ; ಕಪ್ಪು-ಬಿಳಿ ಎಲ್ಲ ಸೇರಿಸಿ ಅಕ್ಕಪಕ್ಕದ ಎರಡು ಕೀಲಿಗಳ ನಡುವೆ ಇರುವುದೇ 100 ಸೆಂಟ್, ಹಾಗಾಗಿ ಇದು ಸಣ್ಣದಲ್ಲ.

ಒಳ್ಳೆಯ ತಂಬೂರಿಯ ಮಂದ್ರ (ಕೆಳಗಿನ) ಷಡ್ಜದ ತಂತಿ ಮೀಟಿ, ಪೂರ್ತಿ ಆರುವ ತನಕ ಕೇಳಿ. ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ದಾರ ಸರಿಯಾಗಿ ಕೂತಿದ್ದರೆ, ಆ ನಾದದೊಳಗೇ ಗಾಂಧಾರ ಕೇಳಿಸುತ್ತದೆ. ಯಾರೂ ಮೀಟದೆ ತಾನಾಗಿ ಬರುವ ಗಾಂಧಾರ. ಆರಂಭದ ಪಾಠಗಳಲ್ಲಿ ನೀವು ಹಾಡುವ ಮಾಯಾಮಾಳವಗೌಳ ರಾಗದ ಗಾಂಧಾರ, ಅಂದರೆ ಅಂತರ ಗಾಂಧಾರ, ಅದೇ. ಅಲ್ಲಿ ಅಕಾರದಲ್ಲಿ, 'ಆ' ಅಂತ, ಧ್ವನಿ ಇಡಿ. ಚೂರು ತಪ್ಪಿದ್ದರೆ ನಾದ ಅಲೆ ಅಲೆಯಾಗಿ ಅಲುಗುತ್ತದೆ. ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತದೆ. ನಿಂತರೆ ಸೇರಿತು. ಇದನ್ನು ಒಮ್ಮೆ ಕೇಳಿಸಿಕೊಂಡವರಿಗೆ ಮುಳ್ಳು ಬೇಕಾಗುವುದಿಲ್ಲ, ಇದು ನನ್ನ ಗಟ್ಟಿ ನಂಬಿಕೆ.

ಇನ್ನು ಅವರೋಹಣ. ಮ-ಗ ನಡುವೆ ಜಾಗ ತೀರಾ ಕಮ್ಮಿ, ಗ-ರಿ ದೊಡ್ಡ ಜಿಗಿತ, ರಿ-ಸ ಮತ್ತೆ ಇಕ್ಕಟ್ಟು. ಇಳಿಯುವ ರಭಸದಲ್ಲಿ ಗಾಂಧಾರ ಜಾರಿದರೆ ಮುಂದಿನದೆಲ್ಲ ಜಾರುತ್ತದೆ. ಉಸಿರೂ ಅಷ್ಟರಲ್ಲಿ ಮುಗಿದಿರುತ್ತದೆ. ಪಂಚಮದಲ್ಲಿ ನಿಂತು ತಂತಿಯ ಜೊತೆ ಸೇರಿಸಿ, ಉಸಿರು ತೆಗೆದುಕೊಳ್ಳಿ, ಆಮೇಲೆ ಪ ಮ ಗಾ ಅಂತ ಗಾಂಧಾರದಲ್ಲಿ ನಿಲ್ಲಿ. ಮೊದಲನೇ ಕಾಲ, ಅಂದರೆ ನಿಧಾನದ ವೇಗ ಮಾತ್ರ. ಎರಡನೇ ಕಾಲಕ್ಕೆ ಅವಸರ ಬೇಡ.

ಉತ್ತರ 2: ನಮ್ಮ ಭಜನಾ ಮಂಡಳಿಯಲ್ಲಿ ಕಂಡದ್ದು: ಮನೆ ಜಾಸ್ತಿ ಇಟ್ಟುಕೊಂಡವರು ಮೇಲೆ ತಿಣುಕಿ, ಇಳಿಯುವಾಗ ಸುಸ್ತಾಗುತ್ತಾರೆ. ಐದಕ್ಕೆ ಇಳಿಸಿ ನೋಡಿ. ತಂಬೂರಿ ಆ್ಯಪ್ ಆದರೆ ಮೊಬೈಲ್ ಸ್ಪೀಕರಿನಲ್ಲಿ ಮಂದ್ರ ಸರಿಯಾಗಿ ಕೇಳಿಸದು, ದೊಡ್ಡ ಸ್ಪೀಕರಿಗೆ ಹಾಕಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾತ್ರ ಇದೆ, ಸಾಕಾ?

ಉತ್ತರ 1: ಧಾರಾಳವಾಗಿ ಸಾಕು. ಆದರೆ ಪಂಚಮಕ್ಕೇ ಇಟ್ಟಿದೆಯಾ ನೋಡಿಕೊಳ್ಳಿ. ಮಧ್ಯಮಕ್ಕೆ ತಿರುಗಿಸಿದ್ದರೆ ಮೇಲೆ ಹೇಳಿದ ಹಾಗೆ ನಿಂತು ಸೇರಿಸಲು ಪಂಚಮದ ತಂತಿಯೇ ಸಿಗುವುದಿಲ್ಲ.