ಹೆದ್ದಾರಿ ಬದಿಯ ಹಂಚಿನ ಮನೆ, ಸಿಒಪಿಡಿ ಇರುವ ಅಪ್ಪ: ಏರ್ ಪ್ಯೂರಿಫೈಯರ್ ತರುವುದಾ?

ಪ್ರಶ್ನೆ (ಕುಂಬಳೆ): ಡಾಕ್ಟ್ರೇ, ಅಪ್ಪನಿಗೆ 68, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಉಸಿರಾಟದ ಕಾಯಿಲೆ) ಉಂಟು. ಹೆದ್ದಾರಿ 66ರ ಷಟ್ಪಥ ಕೆಲಸದ ಧೂಳು ಜಗಲಿವರೆಗೆ ಬರುತ್ತದೆ. ಹಂಚಿನ ಮನೆ. ಪ್ಯೂರಿಫೈಯರ್ ತಂದರೆ ಪ್ರಯೋಜನ ಉಂಟಾ? ಮಳೆಗಾಲದಲ್ಲಿ ರೋಟಾಕ್ಯಾಪ್ (ಉಸಿರಲ್ಲಿ ಎಳೆಯುವ ಪುಡಿ ಔಷಧದ ಕ್ಯಾಪ್ಸೂಲ್) ಎಳೆದರೂ ಏನೂ ಹಿಡಿಯುವುದಿಲ್ಲ ಅನ್ನುತ್ತಾರೆ.

ಉತ್ತರ (ಶ್ವಾಸಕೋಶ ತಜ್ಞರು): ಹಂಚಿನ ಮನೆಗೆ ಪ್ಯೂರಿಫೈಯರ್ ದುಡ್ಡು ದಂಡ. ಮಾಡಿನ ಸಂದಿಯಲ್ಲಿ ಹೊರಗಿನ ಗಾಳಿ ಬರುತ್ತಲೇ ಇರುತ್ತದೆ. ತಾರಸಿಯ ಕೋಣೆ ಒಂದಿದ್ದರೆ, ಅಪ್ಪ ಅಲ್ಲೇ ಮಲಗುವುದಾದರೆ ಯೋಚಿಸಿ. 10×12 ಅಡಿ, 9 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 30 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಸೋಸಬೇಕಾದರೆ ಸಿಎಡಿಆರ್ (ಪ್ಯೂರಿಫೈಯರ್ ಸೋಸಿ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ 150 ಘನ ಮೀಟರ್ ಆದರೂ ಬೇಕು. ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರಿನದ್ದನ್ನೇ ತನ್ನಿ, ಓಝೋನ್ ಬಿಡುವಂಥದ್ದು ಬೇಡ.

ಅದಕ್ಕೂ ಮೊದಲು ಬಚ್ಚಲ ಒಲೆ ನೋಡಿ. ಮುರಕಲ್ಲಿನ ಕೆಂಪು ಧೂಳಿನ ದಪ್ಪ ಕಣಗಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತವೆ. ತೆಂಗಿನ ಹಸಿ ಮಡಲು, ಅಡಿಕೆ ಸಿಪ್ಪೆಯ ಹೊಗೆಯ ಕಣ 2.5 ಮೈಕ್ರಾನಿಗಿಂತ ಸಣ್ಣ, ಶ್ವಾಸಕೋಶದ ತುದಿವರೆಗೆ ಇಳಿಯುತ್ತದೆ. ಹಂಡೆಗೆ ಬೆಂಕಿ ಹಾಕುವ ಕೆಲಸ ಅಪ್ಪನದ್ದಾದರೆ ಇವತ್ತೇ ಬಿಡಿಸಿ. ಸೊಳ್ಳೆಬತ್ತಿ ಬಿಟ್ಟು ಪರದೆ ಕಟ್ಟಿ. ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ರೋಟಾಕ್ಯಾಪಿನ ಪುಡಿ ತೇವಕ್ಕೆ ಗಂಟು ಕಟ್ಟುತ್ತದೆ. ಎಳೆಯುವ ಹೊತ್ತಿಗೆ ಒಂದನ್ನೇ ತೆಗೆದು ಬಾಟ್ಲಿ ಬಿಗಿಯಾಗಿ ಮುಚ್ಚಿ. ನಾಳೆಯದ್ದನ್ನು ಇವತ್ತೇ ತೆಗೆದಿಡುವ ಅಭ್ಯಾಸ ಬೇಡ. ತೊಳೆದ ರೋಟಾಹೇಲರ್ (ರೋಟಾಕ್ಯಾಪ್ ಹಾಕಿ ಎಳೆಯುವ ಸಾಧನ) ಪೂರಾ ಒಣಗದೆ ಮುಟ್ಟಬೇಡಿ. ಉಸಿರನ್ನು ಹೊರಗೆ ಬಿಟ್ಟು (ಸಾಧನದೊಳಕ್ಕೆ ಊದಬಾರದು), ಜೋರಾಗಿ, ಆಳವಾಗಿ ಎಳೆದು 10 ಸೆಕೆಂಡು ಹಿಡಿಯಲಿ. ಆಮೇಲೆ ಕ್ಯಾಪ್ಸೂಲ್ ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ. ಅಷ್ಟು ಜೋರಾಗಿ ಎಳೆಯಲು ತ್ರಾಣವಿಲ್ಲದಿದ್ದರೆ, ಸ್ಪೇಸರ್ (ಪಂಪಿಗೆ ಜೋಡಿಸುವ ಕೊಳವೆ) ಜೊತೆ ಪಂಪ್ (ಒತ್ತಿ ಎಳೆಯುವ ಇನ್‌ಹೇಲರ್) ಬರೆದುಕೊಡಲು ನಿಮ್ಮ ಡಾಕ್ಟರಲ್ಲಿ ಕೇಳಿ.

ಪ್ರಶ್ನೆ (ಬದಿಯಡ್ಕ): ಅಮ್ಮನಿಗೆ ಸ್ಪೇಸರ್ ಕೊಟ್ಟಿದ್ದಾರೆ. ಎರಡು ಪಫ್ ಒಟ್ಟಿಗೆ ಒತ್ತಬಹುದಾ?

ಉತ್ತರ (ಫಾರ್ಮಸಿಸ್ಟ್): ಬೇಡ ಅಕ್ಕ. ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಕೂಡಿ ಸ್ಪೇಸರಿನ ಗೋಡೆಗೇ ಅಂಟುತ್ತವೆ. ಕುಲುಕಿ ಒಂದು ಪಫ್, ನಿಧಾನವಾಗಿ ಎಳೆದು ಹಿಡಿಯುವುದು, ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಎರಡನೆಯದು. ಪಂಪಿಗೆ ಜೋರಾಗಿ ಎಳೆಯಬಾರದು. ರೋಟಾಕ್ಯಾಪಿಗೆ ನೇರ ಉಲ್ಟಾ. ಸ್ಟಿರಾಯ್ಡ್ ಇರುವ ಔಷಧವಾದರೆ ಬಾಯಿ ಮುಕ್ಕಳಿಸಿ ಉಗುಳಲಿ, ಇಲ್ಲವಾದರೆ ನಾಲಗೆಯಲ್ಲಿ ಬಿಳಿ ಅಗ್ರ (ಶಿಲೀಂಧ್ರದ ಸೋಂಕು) ಬರಬಹುದು. ಸ್ಪೇಸರನ್ನು ವಾರಕ್ಕೊಮ್ಮೆ ಸೋಪು ನೀರಲ್ಲಿ ಅದ್ದಿ ಹಾಗೇ ಒಣಗಿಸಿ. ಬಟ್ಟೆಯಲ್ಲಿ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧವನ್ನು ಗೋಡೆಗೆ ಎಳೆಯುತ್ತದೆ.

ಪ್ರಶ್ನೆ (ಕುಂಬಳೆ): ಅಪ್ಪನ ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಸಾಧನ) 90 ತೋರಿಸಿತು. ಮನೆಯಲ್ಲಿರುವ ಆಕ್ಸಿಜನ್ ಮಿಶನ್ ಏರಿಸಲಾ?

ಉತ್ತರ (ಶ್ವಾಸಕೋಶ ತಜ್ಞರು): ನೀವಾಗಿ ಏರಿಸಲೇಬೇಡಿ. ಸಿಒಪಿಡಿಯವರಿಗೆ ಆಕ್ಸಿಜನ್ ಕೊಡುವಾಗ ಗುರಿಯೇ ಸಾಮಾನ್ಯವಾಗಿ 88ರಿಂದ 92. ಹೆಚ್ಚು ಕೊಟ್ಟರೆ ಕೆಲವರಲ್ಲಿ ರಕ್ತದ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಬೆರಳು ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ, ಐದು ನಿಮಿಷ ಕೂರಿಸಿ ಮತ್ತೆ ನೋಡಿ. ಸುಮ್ಮನೆ ಕೂತಾಗಲೂ 88ಕ್ಕಿಂತ ಕೆಳಗಿದ್ದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ ತಡ ಮಾಡದೆ ಆಸ್ಪತ್ರೆಗೆ. ಕಫ ಹೆಚ್ಚಾಗಿ ಹಳದಿ-ಹಸಿರಿಗೆ ತಿರುಗಿದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮಿಶನ್ ಓಡುವ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚಬಾರದು. ದೇವರ ಕೋಣೆ ಪಕ್ಕದಲ್ಲೇ ಇದ್ದರೆ ಮಿಶನನ್ನು ಬೇರೆ ಕಡೆಗೆ ಸರಿಸಿ.