ಲೀಗ್ ‘ವಿಸರ್ಜನೆ’ಯಾಯಿತು ಎನ್ನಬಹುದೇ? ಸರಿಯಾದ ಕ್ರಿಯಾಪದ ಬೇಕು

ಗೆಳೆಯರೇ,

ಕೆನಡಾದ ಹಳೆಯ ಐಸ್ ಹಾಕಿ ಲೀಗ್ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಅದು ಕೊನೆಗೊಂಡ ಬಗೆಯನ್ನು ಒಂದೇ ಕ್ರಿಯಾಪದದಲ್ಲಿ ಹೇಳಬೇಕಿದೆ.

ನ್ಯಾಷನಲ್ ಹಾಕಿ ಅಸೋಸಿಯೇಷನ್ 1909ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿತು. ಏಳು ಜನರ ತಂಡವನ್ನು ಆರಕ್ಕೆ ಇಳಿಸಿದ್ದು, ಪಂದ್ಯವನ್ನು 20 ನಿಮಿಷಗಳ ಮೂರು ಭಾಗ ಮಾಡಿದ್ದು ಇದೇ ಲೀಗ್. 1917ರ ಹೊತ್ತಿಗೆ ಟೊರಾಂಟೊ ತಂಡದ ಮಾಲೀಕ ಎಡ್ಡಿ ಲಿವಿಂಗ್‌ಸ್ಟನ್ ಜೊತೆ ಉಳಿದ ಮಾಲೀಕರಿಗೆ ಹೊಂದಿಕೆಯಾಗದೆ ಹೋಯಿತು. ಆತನನ್ನು ಹೊರಹಾಕಲು ನಿಯಮದಲ್ಲಿ ದಾರಿಯಿರಲಿಲ್ಲ. ನವೆಂಬರ್‌ನಲ್ಲಿ ಲೀಗಿನ ಆಟ ನಿಲ್ಲಿಸಿ, 26ರಂದು ವಿಂಡ್ಸರ್ ಹೋಟೆಲಿನಲ್ಲಿ ಸೇರಿ, ಆತನೊಬ್ಬನನ್ನು ಬಿಟ್ಟು ನ್ಯಾಷನಲ್ ಹಾಕಿ ಲೀಗ್ ಕಟ್ಟಿದರು. ನಿಯಮಾವಳಿ ಹೆಚ್ಚುಕಡಿಮೆ ಅದೇ. ಹಳೆಯದರ ಕಾರ್ಯದರ್ಶಿ ಫ್ರಾಂಕ್ ಕಾಲ್ಡರ್ ಹೊಸದರ ಅಧ್ಯಕ್ಷ.

ಈ ಉಪಾಯ ಹೊಸದೂ ಅಲ್ಲ. 1909ರ ನವೆಂಬರ್‌ನಲ್ಲಿ ಈಸ್ಟರ್ನ್ ಕೆನಡಾ ಹಾಕಿ ಅಸೋಸಿಯೇಷನ್ನಿನ ಮಾಲೀಕರು ವಾಂಡರರ್ಸ್ ತಂಡವನ್ನು ಕೈಬಿಡಲೆಂದೇ ಹಳೆಯ ಕೂಟ ತೊರೆದು ಬೇರೆ ಕೂಟ ಕಟ್ಟಿದ್ದರು. ವಾಂಡರರ್ಸ್ ಆಟಕ್ಕೆ ಆರಿಸಿಕೊಂಡ ಜುಬಿಲಿ ಅಂಗಣ ಚಿಕ್ಕದು, ಟಿಕೆಟ್ ಹಣದಲ್ಲಿ ಎದುರಾಳಿಗಳ ಪಾಲು ಕುಗ್ಗುತ್ತಿತ್ತು. ಹಾಗೆ ಹೊರಗುಳಿದ ವಾಂಡರರ್ಸ್, ರೆನ್‌ಫ್ರೂ ಊರಿನ ತಂಡದ ಮಾಲೀಕ ಆಂಬ್ರೋಸ್ ಒ’ಬ್ರಿಯನ್ ಜೊತೆ ಸೇರಿ ಕಟ್ಟಿದ್ದೇ ನಮ್ಮ ಈ ನ್ಯಾಷನಲ್ ಹಾಕಿ ಅಸೋಸಿಯೇಷನ್. 1917ರಲ್ಲಿ ಅದೇ ವಾಂಡರರ್ಸ್ ಹೊರಗಿಡುವವರ ಸಾಲಿನಲ್ಲಿತ್ತು!

ಈಗ ಪ್ರಶ್ನೆ. ‘ವಿಸರ್ಜನೆ’ ಎಂದರೆ ವಿಧಾನಸಭೆಯಂತೆ ಎಲ್ಲರ ಸ್ಥಾನವೂ ಒಟ್ಟಿಗೆ ಹೋಯಿತು ಎಂದಾಗುತ್ತದೆ. ಇಲ್ಲಿ ಹೋದದ್ದು ಒಬ್ಬನದು. ‘ಬರ್ಖಾಸ್ತು’ ಎಂದರೆ ಮೇಲಿನವರ ಹುಕುಂ ಇದ್ದಂತೆ ಕೇಳುತ್ತದೆ. ‘ಸ್ಥಗಿತ’ ಕಡತದ ಮಟ್ಟಿಗೆ ಸರಿ, ಆದರೆ ಉದ್ದೇಶವನ್ನು ಮುಚ್ಚಿಡುತ್ತದೆ, ಅದನ್ನು ನಾನು ಒಪ್ಪಲಾರೆ. ನಾಟಕದವರ ‘ಕಂಪನಿ ಒಡೆಯಿತು’ ಹತ್ತಿರ ಬರುತ್ತದೆ. ಆದರೆ ಒಡೆದರೆ ಎರಡು ಹೋಳಾಗಬೇಕು. ಲಿವಿಂಗ್‌ಸ್ಟನ್ ಬಳಿ ಉಳಿದದ್ದು ಆಡಲು ಎದುರಾಳಿಯೇ ಇಲ್ಲದ ಲೀಗ್.

ಸದ್ಯಕ್ಕೆ ‘ಲಿವಿಂಗ್‌ಸ್ಟನ್ನನ್ನು ಹಳೆಯ ಲೀಗಿನಲ್ಲೇ ಬಿಟ್ಟು ಉಳಿದವರು ಕಳಚಿಕೊಂಡರು’ ಎಂದು ಬರೆದಿದ್ದೇನೆ. ‘ಕಳಚಿಕೊಳ್ಳು’ ಎಂಬುದರಲ್ಲಿ ಗುಟ್ಟಾಗಿ ಜಾರಿಕೊಂಡ ಅರ್ಥವೇ ಮುಂದಾಗುತ್ತದೆಯೇ? ಯಕ್ಷಗಾನ ಮೇಳ, ಸಹಕಾರ ಸಂಘಗಳ ಒಡನಾಟವಿರುವವರು ಹೇಳಿ: ಒಬ್ಬರನ್ನು ಹೊರಗಿಡಲೆಂದೇ ಎಲ್ಲರೂ ಎದ್ದು ಹೋಗಿ ಬೇರೆ ಕಟ್ಟಿಕೊಂಡರೆ ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ?